ಕೈಗುಣ ಯಾರದು?

ನಮ್ಮ ಕಡೆ ಹೆಂಗಸರನ್ನು ಹೊಗಳಲು ಒಂದು ಸಿದ್ಧ ಮಾತಿದೆ: 'ಕೈಗುಣ'. ಉಪ್ಪಿನಕಾಯಿ ಕೆಡದೆ ವರ್ಷ ನಿಂತರೆ ಕೈಗುಣ, ಹೋಳಿಗೆ ಹರಿಯದೆ ಬಂದರೆ ಕೈಗುಣ, ನೆಟ್ಟ ಮಲ್ಲಿಗೆ ಕಡ್ಡಿ ಚಿಗುರಿದರೂ ಕೈಗುಣ. ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಬ್ಯಾಂಕಿನ ಮ್ಯಾನೇಜರು ಲೆಕ್ಕ ತಪ್ಪದೆ ಬರೆದರೆ 'ಅವರ ಕೈಗುಣ' ಎಂದು ಯಾರಾದರೂ ಅಂದದ್ದುಂಟೇ? ಓದಿದ್ದಾರೆ, ಅನುಭವವಿದೆ ಅನ್ನುತ್ತಾರೆ. ಡಾಕ್ಟರಿಗೂ ಈ ಮಾತು ಸಲ್ಲುತ್ತದೆ, ನಿಜ. ಆದರೆ ಅವರ ಕೈಗುಣಕ್ಕೆ ಫೀಸಿರುತ್ತದೆ, ಬಾಗಿಲ ಮೇಲೆ ಪದವಿಯ ಬೋರ್ಡೂ ಇರುತ್ತದೆ. ನಮಗೆ ಮಾತ್ರ ಬರೀ ಗುಣ! ಮೂವತ್ತು ವರ್ಷ ಕಲಿತದ್ದನ್ನು ಹುಟ್ಟಿನಿಂದ ಬಂದ ಅದೃಷ್ಟವೆಂದು ಹೇಳುವುದು ಹೊಗಳಿಕೆಯೋ, ಅಥವಾ ಕೊಡಬೇಕಾದ್ದನ್ನು ಕೊಡದಿರುವ ಒಂದು ನಯವಾದ ದಾರಿಯೋ?

ಈ ಪ್ರಶ್ನೆ ನನ್ನಲ್ಲಿ ಗಟ್ಟಿಯಾದದ್ದು ಅಡುಗೆಮನೆಯಲ್ಲಲ್ಲ, ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ತಂಗಿಯ ಮಗನ ಎಲೆಕ್ಟ್ರಿಕ್ ಗಿಟಾರಿನಿಂದ ಎಂದರೆ ನೀವು ನಕ್ಕೀರಿ. ಅವನಿಗೆ ಬ್ಲೂಸ್ ಮತ್ತು ಹಳೆಯ ರಾಕ್ ಸಂಗೀತದ ಹುಚ್ಚು. ಬಿ.ಬಿ. ಕಿಂಗ್, ಜಿಮಿ ಹೆಂಡ್ರಿಕ್ಸ್ ಎಂದು ಅವನು ಹೇಳುವಾಗ ನಮ್ಮ ಸೋದರಮಾವಂದಿರ ಹೆಸರು ಹೇಳಿದಂತೆಯೇ ಇರುತ್ತದೆ. ಹೋದ ಬೇಸಿಗೆಯಲ್ಲಿ ಅವನು ಗಿಟಾರಿನ 'ಪಿಕಪ್' ಬದಲಿಸಬೇಕೆಂದು ಹಟ ಹಿಡಿದ. ಜೋಡಿಗೆ ಹದಿನೈದು ಸಾವಿರ.

"ಇರೋದು ಸರಿಯಾಗೇ ಐತಲ್ಲೋ, ಮತ್ತ್ಯಾಕ ಬದಲಿ?" ಎಂದಳು ತಂಗಿ. ಅವಳು ರವಿಕೆ ಹೊಲಿದು ಸಂಸಾರ ತೂಗಿಸುವವಳು. ಹದಿನೈದು ಸಾವಿರವೆಂದರೆ ಎಷ್ಟು ರವಿಕೆ ಎಂಬ ಲೆಕ್ಕ ಅವಳ ಬೆರಳ ತುದಿಯಲ್ಲೇ ಇರುತ್ತದೆ.

"ಅದು ದನಿ ಅಲ್ಲಮ್ಮ, ಸದ್ದು. ದೊಡ್ಡಮ್ಮ, ನೀನಾದ್ರೂ ಹೇಳು" ಎಂದು ನನ್ನತ್ತ ತಿರುಗಿದ. ಹೇಳುವ ಮೊದಲು ನನಗೆ ತಿಳಿಯಬೇಕಲ್ಲ!

ಹುಲಿಗಿಗೆ ಹೊರಟ ಜೋಗತಿಯರ ಚೌಡಿಕೆಯನ್ನು ನೀವು ನೋಡಿರುತ್ತೀರಿ. ಕಂಕುಳಲ್ಲಿ ಇರುಕಿಕೊಂಡ ಡೊಳ್ಳಿನ ಚರ್ಮಕ್ಕೆ ಒಂದು ತಂತಿ ಕಟ್ಟಿರುತ್ತದೆ. ತಂತಿ ಮೀಟಿದರೆ ಚರ್ಮ ನಡುಗಿ ದನಿ ಹೊಮ್ಮುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಅಂಥ ಚರ್ಮವೂ ಇಲ್ಲ, ಬಹಳಷ್ಟಕ್ಕೆ ಟೊಳ್ಳು ಹೊಟ್ಟೆಯೂ ಇಲ್ಲ. ತಂತಿಗಳ ಕೆಳಗೆ ಅಯಸ್ಕಾಂತವಿಟ್ಟು, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ನಡುಗಿದರೆ ಈ ಸುರುಳಿಯಲ್ಲಿ ಚೂರು ಕರೆಂಟು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಆ ಸುರುಳಿಯೇ ಪಿಕಪ್. ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ಬಂದ ಉಪಾಯ.

ಅದರಲ್ಲಿ ಎರಡು ಮುಖ್ಯ ಜಾತಿ. ಒಂದೇ ಸುರುಳಿಯದು ತಿಳಿಯಾಗಿ, ಗಂಟೆಯಂತೆ ನುಡಿಯುತ್ತದೆ, ಆದರೆ ಮನೆಯ ಕರೆಂಟಿನ 'ಗುಂಯ್' ಸದ್ದನ್ನೂ ಎಳೆದುಕೊಳ್ಳುತ್ತದೆ. ಈ ಗುಂಯ್ ತಪ್ಪಿಸಲು ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬಾತ 1955ರಲ್ಲಿ ಜೋಡಿ ಸುರುಳಿಯದನ್ನು ರೂಪಿಸಿದ. ಒಂದಕ್ಕೊಂದು ವಿರುದ್ಧವಾಗಿ ಕೂರಿಸಿದ್ದರಿಂದ ಎರಡರ ಗುಂಯ್ ಪರಸ್ಪರ ತಿಂದುಹೋಗಿ ತಂತಿಯ ದನಿ ಮಾತ್ರ ಉಳಿಯುತ್ತದೆ, ಆದರೆ ದಪ್ಪಗೆ. ಹೆಚ್ಚು ಸುತ್ತಿದಷ್ಟೂ ದನಿ ಜೋರಾಗುತ್ತದೆ. ಜೊತೆಗೆ ಮೇಲಿನ ಸ್ವರಗಳ ಮಿನುಗು ಮಂಕಾಗುತ್ತದೆ. ಬ್ಲೂಸಿನವರಿಗೆ ಜೋರು ಬೇಡ. ಬೆರಳು ಮೆಲ್ಲಗೆ ತಾಕಿದರೆ ಮೆಲ್ಲಗೆ, ಒತ್ತಿದರೆ ಒತ್ತಿ ಮಾತಾಡಬೇಕು. ಆದ್ದರಿಂದ ಹದವಾಗಿ ಸುತ್ತಿದ, ಅಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತವಿರುವ, ಹಳೆಯ ಬಗೆಯವೇ ಅವರಿಗೆ ಪ್ರಿಯ. ಡಬ್ಬಿಯ ಮೇಲಿನ ಓಮ್ ಸಂಖ್ಯೆ ಹೆಚ್ಚಿದ್ದರೆ ಹೆಚ್ಚು ಒಳ್ಳೆಯದು ಎಂದು ನಂಬಿ ಕೊಳ್ಳುವವರಿದ್ದಾರಂತೆ. ಮೆಣಸಿನಕಾಯಿ ಹೆಚ್ಚಿದ್ದರೆ ಸಾರು ಒಳ್ಳೆಯದು ಎಂದ ಹಾಗೆ!

"ಮೊದಲು ಇದ್ದುದನ್ನೇ ಸ್ಕ್ರೂ ತಿರುಗಿಸಿ ಮೇಲೆ ಕೆಳಗೆ ಮಾಡಿ ನೋಡು. ತಂತಿಗೆ ತೀರ ಹತ್ತಿರವಿದ್ದರೂ ದನಿ ಕೆಡುತ್ತದೆಂದು ನೀನೇ ಹೇಳಿದೆಯಲ್ಲ" ಎಂದೆ. ಖರ್ಚಿಲ್ಲದ ಸಲಹೆ, ತಂಗಿಗೆ ತುಂಬ ಹಿಡಿಸಿತು. ಅವನು ಮಾಡಿಯೂ ನೋಡಿದ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ.

ಅವನ ಮಾತಿನ ನಡುವೆ ಒಂದು ಹೆಸರು ಬಂತು: ಅಬಿಗೇಲ್ ಇಬಾರಾ. ಕ್ಯಾಲಿಫೋರ್ನಿಯಾದ ಫೆಂಡರ್ ಕಾರ್ಖಾನೆಗೆ 1956ರಲ್ಲಿ ಸೇರಿದ ಹೆಂಗಸು. ಯಂತ್ರ ಸುರುಳಿಯನ್ನು ತಿರುಗಿಸುತ್ತಿದ್ದರೆ ಆಕೆ ಬೆರಳುಗಳ ನಡುವೆ ತಂತಿ ಹಿಡಿದು ಅತ್ತಿತ್ತ ಆಡಿಸುತ್ತಾ ತುಂಬುತ್ತಿದ್ದಳು. ಒಂದೊಂದಕ್ಕೆ ಸುಮಾರು ಎಂಟು ಸಾವಿರ ಸುತ್ತು. ಕೈಯಿಂದ ಸುತ್ತಿದ್ದು ಯಂತ್ರದಷ್ಟು ಒಂದೇ ಸಮನಾಗಿರುವುದಿಲ್ಲ. ಆ ಚೂರು ಏರುಪೇರೇ ದನಿಗೆ ಜೀವ ಕೊಡುತ್ತದೆಂದು ಗಿಟಾರಿನವರು ಬಲವಾಗಿ ನಂಬುತ್ತಾರೆ. ಹೆಂಡ್ರಿಕ್ಸ್ ಲೋಕಪ್ರಸಿದ್ಧಗೊಳಿಸಿದ್ದು ಆ ಕಂಪನಿಯ ಗಿಟಾರನ್ನೇ. ಆಕೆ 2013ರಲ್ಲಿ ನಿವೃತ್ತಳಾಗುವ ಹೊತ್ತಿಗೆ ಆಕೆಯ ಸಹಿಯಿರುವ ಪಿಕಪ್‌ಗಳಿಗೆ ಜನ ಮುಗಿಬೀಳುತ್ತಿದ್ದರು. ಕೆಲಸವನ್ನು ಜೋಸೆಫೀನಾ ಕಾಂಪೋಸ್ ಎಂಬ ಇನ್ನೊಬ್ಬ ಹೆಂಗಸಿಗೆ ಕಲಿಸಿಯೇ ಹೋದಳು. ಕೈಗುಣವನ್ನು ಕಲಿಸಲು ಬರುತ್ತದೆಯೇ? ಕಲಿಸಲು ಬಂತೆಂದರೆ ಅದು ವಿದ್ಯೆಯೇ ಅಲ್ಲವೇ?

ಹುಡುಗ ಒಪ್ಪಲಿಲ್ಲ. "ಅವರು ಬೇಕಂತ ಹಾಗೆ ಸುತ್ತಿಲ್ಲ ದೊಡ್ಡಮ್ಮ. ಕೂಲಿ ಕೆಲಸ, ಎಷ್ಟು ಬೇಗ ಆಗುತ್ತೋ ಅಷ್ಟು. ಚೆನ್ನಾಗಿ ಬಂದಿದ್ದು ಆಕಸ್ಮಿಕ."

ತಳ್ಳಿಹಾಕುವ ಮಾತಲ್ಲ ಇದು. ಉದ್ದೇಶವಿಲ್ಲದೆ ಆದ ಒಳ್ಳೆಯದಕ್ಕೆ ಶ್ರೇಯಸ್ಸು ಯಾರಿಗೆ ಸಲ್ಲಬೇಕು? ನನಗೆ ತೋಚಿದ್ದು ಹೀಗೆ. ಐವತ್ತು ವರ್ಷಗಳ ನಂತರದ ಕಿವಿಗಳು ಆ ಏರುಪೇರನ್ನು ಮೆಚ್ಚಿಕೊಂಡದ್ದು ಆಕಸ್ಮಿಕ, ಒಪ್ಪಿದೆ. ಆದರೆ ಕೂದಲೆಳೆಯಷ್ಟರ ತಂತಿಯನ್ನು ಬಿಗಿ ಹಿಡಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಸುರುಳಿ ಜಾಳಾಗಿ ಕಿರುಚುತ್ತದೆ. ಎಂಟು ಸಾವಿರ ಸುತ್ತು ಹರಿಯದೆ ಬಂದದ್ದು, ದಿನಕ್ಕೆ ಹತ್ತಾರು ಸಲ, ದಶಕಗಟ್ಟಲೆ ಬಂದದ್ದು ಆಕಸ್ಮಿಕವೆಂದರೆ ನಾನು ಒಪ್ಪಲಾರೆ. ಒತ್ತಲ ಹೋಳಿಗೆ ತಟ್ಟಿದವಳಿಗೆ ಕೇಳಿ, ಕಣಕದ ಹದ ಬೆರಳಿಗೆ ತಿಳಿಯಲು ಎಷ್ಟು ವರ್ಷ ಹಿಡಿಯಿತೆಂದು.

ತಂತಿ ಸುತ್ತುವುದು ನಮಗೇನು ಹೊಸದಲ್ಲ. ಬೋರ್‌ವೆಲ್ಲಿನ ಸೀಮೆ ನಮ್ಮದು. ಕೂಡ್ಲಿಗಿ, ಕೊಟ್ಟೂರು, ಯಾವ ಊರಿಗೇ ಹೋಗಿ, ಪಂಪ್‌ಸೆಟ್ಟಿನ ಮೋಟಾರು ಸುತ್ತಿಕೊಡುವ ಅಂಗಡಿ ಇದ್ದೇ ಇರುತ್ತದೆ. ಅಲ್ಲಿಯೂ ಇದೇ ತಾಮ್ರ, ಇದೇ ಬೆರಳು. ಆದರೆ ಆತನ ಹೆಸರು ಬೋರ್ಡಿನ ಮೇಲಿರುತ್ತದೆ, ಕೆಲಸ ಕೆಟ್ಟರೆ ಬೈಯಲೂ ಒಳ್ಳೆಯದಾದರೆ ಹುಡುಕಿಕೊಂಡು ಬರಲೂ. ನನ್ನ ತಂಗಿಯ ರವಿಕೆ ಊರ ತುಂಬ ಓಡಾಡುತ್ತದೆ. ಅವಳ ಮನೆಗೆ ಬೋರ್ಡಿಲ್ಲ.

ಹೆಸರು ಹಾಕುವ ವಿದ್ಯೆಯೂ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಗೊತ್ತಿಲ್ಲದ್ದಲ್ಲ. ಹರಪನಹಳ್ಳಿ ಭೀಮವ್ವ ತನ್ನ ಹಾಡುಗಳಲ್ಲಿ ಭೀಮೇಶಕೃಷ್ಣ ಎಂಬ ಅಂಕಿತ ಇಟ್ಟಳು. ಹೆಸರು ದೇವರದಾದರೂ ಗುರುತು ಅವಳದೇ. ಆ ಗುರುತಿಲ್ಲದಿದ್ದರೆ ಮನೆಮನೆಯ ಹೆಂಗಸರು ಹಾಡುತ್ತಾ ಬಂದ ಆ ಹಾಡುಗಳು ಯಾರವೆಂದು ಇವತ್ತು ಹೇಳಲು ಬರುತ್ತಿತ್ತೇ?

ಹೆಸರು ಸಿಕ್ಕಿದ ಮಾತ್ರಕ್ಕೆ ಎಲ್ಲ ಸಿಕ್ಕಂತೆಯೂ ಅಲ್ಲ, ಅನ್ನಿ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಹೆಮ್ಮೆಯ ಸಂಗತಿಯೇ. ಆದರೆ ಆ ಹೆಸರು ಊರಿನದು, ಮಣ್ಣಿನದು. ನಸುಕಿನಲ್ಲಿ ಮೊಗ್ಗು ಬಿಡಿಸುವ ಕೈ, ಬಾಳೆನಾರಿನಲ್ಲಿ ಮೊಳ ಕಟ್ಟುವ ಕೈ ಆ ಗುರುತಿನೊಳಗೆ ಇಲ್ಲ. ಹಾಗೆಯೇ ಹಳೆಯ ಗಿಟಾರೊಂದು ಇವತ್ತು ಲಕ್ಷಗಟ್ಟಲೆಗೆ ಮಾರಾಟವಾದರೆ ಲಾಭ ಮಾರುವವನಿಗೆ. ಅದರ ಸುರುಳಿ ಸುತ್ತಿದವಳ ಪಾಲು ಅಂದಿನ ಕೂಲಿಗೇ ಮುಗಿದಿರುತ್ತದೆ. ಹೂವಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತಲೇ "ಎಷ್ಟು ಒತ್ತಾಗಿ ಕಟ್ಟೀಯವ್ವ, ನಿನ್ನ ಕೈಗುಣ!" ಎನ್ನುವವರನ್ನು ಕಂಡರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ.

ಹುಡುಗ ದಸರೆಯವರೆಗೆ ಕಾದ. ಟ್ಯೂಷನ್ ಹೇಳಿ ಗಳಿಸಿದ ದುಡ್ಡಿಗೆ ತಂಗಿ ಸ್ವಲ್ಪ ಸೇರಿಸಿದಳು. ಹದವಾಗಿ ಸುತ್ತಿದ, ಹಳೆಯ ಬಗೆಯ ಜೋಡಿ ಸುರುಳಿಯವನ್ನೇ ತರಿಸಿದ. ಯಾವ ದೊಡ್ಡ ಹೆಸರಿನದೂ ಅಲ್ಲ, ಕಿವಿಗೆ ಒಪ್ಪಿದ್ದು. ಬೆಸುಗೆ ಹಾಕುವ ದಿನ ನಾನೂ ಅಲ್ಲಿದ್ದೆ. ಹಳೆಯ ಪಿಕಪ್ ಬಿಚ್ಚಿ ಮೇಜಿನ ಮೇಲಿಟ್ಟ. ತಂಗಿ ಮಷಿನ್ನು ನಿಲ್ಲಿಸಿ ಎದ್ದು ಬಂದು ಅದನ್ನು ಬೋರಲು ಹಾಕಿ ನೋಡಿದಳು. ಬುಡದಲ್ಲಿ ಒಂದು ಸಣ್ಣ ಚೀಟಿ, ಅದರ ಮೇಲೆ ನಂಬರು ಮಾತ್ರ ಇತ್ತು.

"ಇದನ್ನ ಯಾರು ಸುತ್ತಿದ್ದು?" ಎಂದಳು.

"ಇದು ಮಷಿನ್ ಸುತ್ತಿದ್ದಮ್ಮ."

"ಮಷಿನ್ನಿಗೆ ದಾರ ಪೋಣಿಸೋರು ಯಾರಾದ್ರೂ ಇರ್ತಾರಲ್ಲೋ" ಎಂದು ಅದನ್ನು ಒಂದು ಹಳೆಯ ರವಿಕೆ ಕಣದಲ್ಲಿ ಸುತ್ತಿ, ಗುಂಡಿಗಳ ಡಬ್ಬಿಯೊಳಗೆ ಇಟ್ಟಳು.