ಮಕ್ಕಳ ಕೈಯಲ್ಲಿ ಮೊಬೈಲು: ಗೃಹಸ್ಥನ ಆಚಾರ

ಹನ್ನೆರಡನೆಯ ಶತಮಾನದ ಶರಣರು ಬೋಧಿಸಿದ ಧರ್ಮದ ತಿರುಳು ನಡೆನುಡಿಗಳ ಐಕ್ಯ. ತಾನು ಆಚರಿಸದವನ ಉಪದೇಶಕ್ಕೆ ಬೆಲೆಯಿಲ್ಲವೆಂಬುದನ್ನು ಅವರು ಬಗೆಬಗೆಯಾಗಿ ಸಾರಿದರು. ಈ ತತ್ತ್ವವು ಇಂದು ಮನೆಯ ಪಡಸಾಲೆಯಲ್ಲಿ, ಮಕ್ಕಳ ಕಣ್ಣೆದುರಿನಲ್ಲಿ ಪರೀಕ್ಷೆಗೊಳಗಾಗುತ್ತಿದೆ.

2020ರಲ್ಲಿ ಕೊರೋನಾ ಸೋಂಕಿನಿಂದ ಶಾಲೆಗಳು ಮುಚ್ಚಿದಾಗ ಪಾಠವು ಮೊಬೈಲಿನ ಮೂಲಕ ಮನೆಗೆ ಬಂದಿತು. ಶಾಲೆಗಳು ಮತ್ತೆ ತೆರೆದರೂ ಮೊಬೈಲು ಅನೇಕ ಮಕ್ಕಳ ಕೈಯಲ್ಲಿಯೇ ಉಳಿಯಿತು. ಅದು ವಿದ್ಯೆಯ ಸಾಧನವೂ ಅಹುದು, ವಿಷಯಗಳ ಬಲೆಯೂ ಅಹುದು. ತಂದೆಯು ಲಿಂಗಪೂಜೆಗೆ ಕುಳಿತೂ ಕಿವಿಯನ್ನು ಮೊಬೈಲಿನ ಕರೆಗೆ ಒಪ್ಪಿಸಿದ್ದರೆ, ತಾಯಿಯು ಉಣಬಡಿಸುತ್ತಲೇ ಅದನ್ನು ನೋಡುತ್ತಿದ್ದರೆ, 'ನೀನು ನೋಡಬೇಡ' ಎಂಬ ಮಾತು ಮಗುವಿನ ಮನಸ್ಸಿಗೆ ಇಳಿಯುವುದೆಂತು? ಪೂಜೆ, ಪ್ರಸಾದ, ನಿದ್ರೆ ಈ ಮೂರು ಹೊತ್ತಿನಲ್ಲಿ ಮೊಬೈಲನ್ನು ದೂರವಿಡುವ ನಿಯಮವನ್ನು ಹಿರಿಯರು ಮೊದಲು ತಾವೇ ಪಾಲಿಸಬೇಕು. 2ರಿಂದ 4 ವರ್ಷದ ಮಕ್ಕಳನ್ನು ದಿನಕ್ಕೆ 1 ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂಡ್ರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿದೆ. ಬೆಳೆದ ಮಕ್ಕಳಿಗೆ ಹೆಸರು, ಶಾಲೆ, ಚಿತ್ರ, ಬ್ಯಾಂಕಿನ ಒಟಿಪಿ ಇವುಗಳನ್ನು ಅಪರಿಚಿತರಿಗೆ ಕೊಡಬಾರದೆಂದು ಕಾರಣಸಹಿತ ತಿಳಿಸಬೇಕು.

ಆದರೆ ನಿಯಮಕ್ಕಿಂತ ದೊಡ್ಡದು ಅಭಯ. ದೃಷ್ಟಾಂತವೊಂದುಂಟು. ಅಪರಿಚಿತನೊಬ್ಬನು ಗೆಳೆಯನ ಸೋಗಿನಿಂದ ಬಾಲಕಿಯ ಚಿತ್ರವನ್ನು ಪಡೆದು, ಅದನ್ನು ಊರಿಗೆಲ್ಲ ತೋರಿಸುವೆನೆಂದು ಹೆದರಿಸುತ್ತಾನೆ. ಅವನ ಬಲವಿರುವುದು ಚಿತ್ರದಲ್ಲಲ್ಲ. ಅವಳು ತಂದೆತಾಯಿಗಳಿಗೆ ಅಂಜಿ ಮುಚ್ಚಿಡುವಳೆಂಬ ನಂಬಿಕೆಯಲ್ಲಿ. 'ಅಪ್ಪಾ, ತಪ್ಪಾಯಿತು' ಎಂದು ಅವಳು ಬಂದ ದಿನ ಬೈದು ಬಡಿಯುವ ತಂದೆಯು ತನಗರಿಯದಂತೆಯೇ ಆ ದುಷ್ಟನ ಪಕ್ಷ ವಹಿಸುತ್ತಾನೆ. 'ಹೆದರಬೇಡವ್ವಾ, ನಾನಿದ್ದೇನೆ' ಎನ್ನುವ ತಂದೆಯು ಬಲೆಯನ್ನು ಹರಿಯುತ್ತಾನೆ. ಅನುಭವಮಂಟಪದಲ್ಲಿ ಮೇಲುಕೀಳೆನ್ನದೆ, ಹೆಣ್ಣುಗಂಡೆನ್ನದೆ ಶರಣರು ಮನಬಿಚ್ಚಿ ನುಡಿದರು. ಗೃಹಸ್ಥನ ಮನೆಯೂ ಅಂಥ ಮಂಟಪವಾಗಬೇಕು.

ಅಭಯವಿತ್ತ ಮೇಲೆ ಗಣಾಚಾರ, ಅಂದರೆ ಅನ್ಯಾಯವನ್ನು ಸಹಿಸದಿರುವುದು. ಹೆದರಿಸಿದವನಿಗೆ ಹಣ ಕೊಡದೆ, ಬಂದ ಸಂದೇಶಗಳನ್ನು ಅಳಿಸದೆ, ಪೊಲೀಸರಿಗೆ ದೂರು ಕೊಡಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹಣ ಕಳೆದಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಮಾನ ಹೋದೀತೆಂದು ಸುಮ್ಮನಿರುವುದು ಸಲ್ಲದು. 2012ರ ಪೋಕ್ಸೋ ಕಾಯಿದೆಯು 18 ವರ್ಷದೊಳಗಿನ ಗಂಡು ಹೆಣ್ಣು ಮಕ್ಕಳಿಬ್ಬರನ್ನೂ ರಕ್ಷಿಸುತ್ತದೆ. ನೊಂದ ಮಗುವಿನ ಗುರುತನ್ನು ಪತ್ರಿಕೆಗಳು ಬಯಲುಮಾಡುವುದನ್ನೂ ನಿಷೇಧಿಸುತ್ತದೆ.

ಮೊಬೈಲಿಗೆ ಬೀಗವಿಕ್ಕಬಹುದು, ಜಾಣ ಮಗು ಅದನ್ನು ತೆರೆಯಬಹುದು. ಅರಿವು ಒಳಗಿದ್ದು ಕಾಯುತ್ತದೆ. ಆ ಅರಿವನ್ನು ಪ್ರೀತಿಯಿಂದ ಬಿತ್ತುವುದೇ ಶರಣಮಾರ್ಗದ ಗೃಹಸ್ಥನಿಗೆ ಶಿವನು ಒಪ್ಪಿಸಿದ ಕಾಯಕ.