ಇಬ್ಬರು ಕೊಟ್ಟದ್ದು, ಒಬ್ಬರ ಗುರುತು

1984ರ ಸೆಪ್ಟೆಂಬರ್ 10ರ ಸೋಮವಾರ ಬೆಳಿಗ್ಗೆ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಅಲೆಕ್ ಜೆಫ್ರೀಸ್ ಅವರ ಕೈಗೆ ಒಂದು ಎಕ್ಸ್-ರೇ ಫಿಲ್ಮ್ ಬಂತು. ಅದರ ತುಂಬ ಮಸುಕಾದ ಕಪ್ಪು ಗೆರೆಗಳು. ಪ್ರಯೋಗಾಲಯದ ಸಹಾಯಕಿಯೊಬ್ಬರ ಡಿಎನ್‌ಎಯನ್ನು ಅವರ ತಾಯಿ ತಂದೆಯರ ಡಿಎನ್‌ಎ ಜೊತೆಗೆ ಪರೀಕ್ಷೆಗಿಟ್ಟಿದ್ದರು. ಮೂವರ ಸಾಲುಗಳೂ ಬೇರೆ ಬೇರೆ. ಆದರೆ ಮಗಳ ಸಾಲಿನ ಒಂದೊಂದು ಗೆರೆಯನ್ನೂ ಹಿಡಿದು ಪಕ್ಕಕ್ಕೆ ಸರಿದರೆ ಅದು ತಾಯಿಯಲ್ಲೋ ತಂದೆಯಲ್ಲೋ ಸಿಗುತ್ತಿತ್ತು. ಡಿಎನ್‌ಎಯಿಂದ ಮನುಷ್ಯರ ಗುರುತು ಹಿಡಿಯುವ ವಿದ್ಯೆ ಹುಟ್ಟಿದ್ದು ಆ ಬೆಳಿಗ್ಗೆ. ಆ ಫಿಲ್ಮನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವ ವಿಸ್ಮಯ ಒಂದೇ: ಆಕೆಯನ್ನು ಆಕೆಯೆಂದು ತೋರಿಸಿಕೊಟ್ಟ ಗೆರೆಗಳಲ್ಲಿ ಆಕೆಯದೇ ಎನ್ನುವಂಥದು ಒಂದೂ ಇರಲಿಲ್ಲ.

ಗೆರೆ ಮೂಡುವ ಬಗೆಯೂ ಸೊಗಸು. ಡಿಎನ್‌ಎಯನ್ನು ಕಿಣ್ವಗಳು ಗೊತ್ತಾದ ಜಾಗಗಳಲ್ಲಿ ಕತ್ತರಿಸುತ್ತವೆ. ಆ ತುಣುಕುಗಳನ್ನು ಕಡಲಪಾಚಿಯಿಂದ ತೆಗೆದ ಅಗರೋಸಿನ ಜೆಲ್ಲಿನಲ್ಲಿ, ಒಂದು ತುದಿಯ ಪುಟ್ಟ ಗುಳಿಗಳಿಗೆ ತುಂಬಿ ವಿದ್ಯುತ್ ಹರಿಸುತ್ತಾರೆ. ಡಿಎನ್‌ಎಯ ಫಾಸ್ಫೇಟುಗಳಿಗೆ ಋಣ ವಿದ್ಯುದಂಶ ಇರುವುದರಿಂದ ತುಣುಕುಗಳೆಲ್ಲ ಧನಾಗ್ರದ ಕಡೆಗೆ ಹೊರಡುತ್ತವೆ. ದಾರಿಯಲ್ಲಿ ಕಣ್ಣಿಗೆ ಕಾಣದ ಬಲೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಮಕ್ಕಳು ನುಸುಳಿ ಮುಂದೆ ಹೋಗಿ ಹೊರೆ ಹೊತ್ತವರು ಹಿಂದುಳಿಯುವಂತೆ, ಚಿಕ್ಕ ತುಣುಕು ದೂರ ಸಾಗುತ್ತದೆ, ದೊಡ್ಡದು ಹತ್ತಿರವೇ ನಿಲ್ಲುತ್ತದೆ. ಉದ್ದಕ್ಕೆ ತಕ್ಕ ಜಾಗ, ಜಾಗಕ್ಕೊಂದು ಗೆರೆ.

ಮನುಷ್ಯರ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ ಜೋಡಿಗಳಿವೆ. ಯಾವ ಇಬ್ಬರನ್ನು ತೆಗೆದುಕೊಂಡರೂ ಅದರಲ್ಲಿ ಶೇಕಡಾ 99.9ರಷ್ಟು ಒಂದೇ. ವ್ಯತ್ಯಾಸ ಎದ್ದು ಕಾಣುವುದು ಒಂದು ಚಿಕ್ಕ ಅಕ್ಷರಗುಂಪು ಮತ್ತೆ ಮತ್ತೆ ಬರುವ ಕಡೆ. ಒಬ್ಬರಲ್ಲಿ ಏಳು ಸಲ ಬಂದದ್ದು ಇನ್ನೊಬ್ಬರಲ್ಲಿ ಹನ್ನೊಂದು ಸಲ ಬಂದಿರುತ್ತದೆ; ತುಣುಕಿನ ಉದ್ದ ಬೇರೆ, ಹಾಗಾಗಿ ಗೆರೆಯ ಜಾಗವೂ ಬೇರೆ. ಗುರುತಿಗೆ ಬಳಸುವ ಇಂಥ ಜಾಗಗಳಲ್ಲಿ ಹೆಚ್ಚಿನವು ಯಾವ ಪ್ರೋಟೀನನ್ನೂ ಕಟ್ಟಿಸುವುದಿಲ್ಲ. ಈ ಮರುಕಳಿಕೆ ಮನುಷ್ಯರಿಗೆ ಮೀಸಲೂ ಅಲ್ಲ. ಭಾರತದ ವಿಜ್ಞಾನಿ ಲಾಲ್ಜಿ ಸಿಂಗ್ ಅವರು ಹಳದಿ ಕಪ್ಪು ಪಟ್ಟೆಗಳ ಕಟ್ಟುಹಾವಿನ ಲಿಂಗ ವರ್ಣತಂತುವನ್ನು ಅಭ್ಯಾಸ ಮಾಡುವಾಗ ಇಂಥದೊಂದು ಡಿಎನ್‌ಎ ಸಾಲು ಸಿಕ್ಕಿತು. ಮುಂದೆ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಅದನ್ನೇ ಹಿಡಿದು ಅವರು ಮನುಷ್ಯರ ಗುರುತು ಹಚ್ಚಿದರು. ಹಾವಿನಲ್ಲಿ ಸಿಕ್ಕ ಸಾಲೊಂದು ನಮ್ಮ ದೇಶದ ನ್ಯಾಯಾಲಯಗಳಲ್ಲಿ ಮಗುವಿನ ತಂದೆ ಯಾರೆಂದು ಹೇಳಿತು.

ಜೆಫ್ರೀಸರ ವಿದ್ಯೆ 1985ರಲ್ಲಿ ಹೊರಜಗತ್ತಿನಲ್ಲಿ ಮಾಡಿದ ಮೊದಲ ಕೆಲಸ ತಾಯಿಮಗನನ್ನು ಒಂದುಗೂಡಿಸಿದ್ದು. ಘಾನಾದಿಂದ ಬ್ರಿಟನ್ನಿನಲ್ಲಿದ್ದ ತಾಯಿಯ ಬಳಿಗೆ ಮರಳಿದ್ದ ಹುಡುಗನೊಬ್ಬ ನಿಜಕ್ಕೂ ಆಕೆಯ ಮಗನೇ ಎಂದು ಅಧಿಕಾರಿಗಳು ಅನುಮಾನಿಸಿದ್ದರು. ಹೋಲಿಸಿ ನೋಡಲು ತಂದೆ ಇರಲಿಲ್ಲ. ಆಗ ಜೆಫ್ರೀಸ್ ಅದೇ ತಾಯಿಯ ಉಳಿದ ಮಕ್ಕಳ ಸಾಲುಗಳಿಂದ ತಾಯಿಯ ಗೆರೆಗಳನ್ನು ಕಳೆದರು. ಉಳಿದವೆಲ್ಲ ತಂದೆಯವು! ಎದುರಿಗಿಲ್ಲದ ಮನುಷ್ಯ ತನ್ನ ಮಕ್ಕಳ ಮೈಯೊಳಗಿಂದ ಸಾಕ್ಷಿ ಹೇಳಿದ. ಹುಡುಗನ ಗೆರೆಗಳೂ ಅಲ್ಲಿ ಹೊಂದಿದವು. ಅವನು ಮನೆ ಸೇರಿದ. ಮರುವರ್ಷ ಕೊಲೆಯ ಪ್ರಕರಣಕ್ಕೆ ಇದೇ ಪರೀಕ್ಷೆ ಬಂದಾಗಲೂ ಅದು ಮೊದಲು ಹೇಳಿದ್ದು, ತಪ್ಪೊಪ್ಪಿಕೊಂಡಿದ್ದ 17 ವರ್ಷದ ಹುಡುಗ ನಿರಪರಾಧಿ ಎಂದು.

ನನ್ನ ಒಂದೊಂದು ಗೆರೆಯೂ ಅಮ್ಮನದು, ಇಲ್ಲವೇ ಅಪ್ಪನದು. ಅವರದು ಅಜ್ಜ ಅಜ್ಜಿಯರದು. ಅಪರೂಪಕ್ಕೆ ಆಗುವ ಮಾರ್ಪಾಟು ಬಿಟ್ಟರೆ ಹೊಸದಾಗಿ ನನ್ನಲ್ಲಿ ಸೇರಿದ್ದು ಏನೂ ಇಲ್ಲ. ಆದರೂ ಈ ಕೂಡಿಕೆ, ತದ್ರೂಪಿ ಅವಳಿಗಳ ಮಾತು ಬೇರೆ, ಇನ್ನೊಬ್ಬರಲ್ಲಿ ಸಿಗುವಂಥದಲ್ಲ. ನಾನು ಎಲ್ಲರಿಗಿಂತ ಬೇರೆ ಎನ್ನುವುದಕ್ಕೂ ನಾನು ಇವರ ಕುಡಿ ಎನ್ನುವುದಕ್ಕೂ ಸಾಕ್ಷಿ ಒಂದೇ. ನನ್ನೊಬ್ಬನನ್ನೇ ಬಿಡಿಸಿ ಗುರುತಿಸಲು ಹೊರಟ ವಿಜ್ಞಾನಕ್ಕೂ ನನ್ನವರನ್ನು ಬಿಟ್ಟು ನಾನು ಸಿಗುವುದಿಲ್ಲ.