ಸ್ಟೀರಿಂಗಿನ ಭಾರ ಯಾರದು?

ಹಳೆಯ ವಸ್ತುವೊಂದನ್ನು ಉಳಿಸಿಕೊಳ್ಳುವುದೆಂದರೆ ಅದರ ಕಷ್ಟವನ್ನೂ ಉಳಿಸಿಕೊಳ್ಳಬೇಕೆ? ಪ್ರಶ್ನೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ನನ್ನನ್ನು ಇದರತ್ತ ಎಳೆದು ತಂದದ್ದು ಯಾವ ಗ್ರಂಥವೂ ಅಲ್ಲ, 1968ರ ಒಂದು ಷೆವರ್ಲೆ ಸಿ-10 ಪಿಕಪ್ ಟ್ರಕ್ಕು. ನಾನಿರುವ ಮಿಶಿಗನ್ನಿನಲ್ಲಿ ಇಂಥ ಹಳೆಯ ಟ್ರಕ್ಕುಗಳು ಚಳಿಗಾಲವಿಡೀ ಗ್ಯಾರೇಜಿನಲ್ಲಿ ಮಲಗಿರುತ್ತವೆ. ಹಿಮ ಕರಗಿಸಲೆಂದು ರಸ್ತೆಗೆ ಸುರಿದ ಉಪ್ಪನ್ನು ವಸಂತದ ಮಳೆ ತೊಳೆದ ಮೇಲಷ್ಟೇ ಹೊರಗೆ ಬರುತ್ತವೆ. ನಮ್ಮ ಪಕ್ಕದ ಮನೆಯ ಹಿರಿಯರ ಟ್ರಕ್ಕು ಎರಡು ವಸಂತ ಕಳೆದರೂ ಹೊರಗೆ ಬರಲಿಲ್ಲ. ಅವರಿಗೆ ಎಪ್ಪತ್ತಾರು ವರ್ಷ. ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಟ್ರಕ್ಕಿಗೆ ಪವರ್ ಸ್ಟೀರಿಂಗ್ ಇರಲಿಲ್ಲ.

ಮಾರಬೇಕು, ಇಲ್ಲವೇ ಪವರ್ ಸ್ಟೀರಿಂಗ್ ಹಾಕಬೇಕು. ಮಗ ಎರಡಕ್ಕೂ ಒಪ್ಪಲಿಲ್ಲ. ಯಾರೂ ಓಡಿಸದಿದ್ದರೂ ಪರವಾಗಿಲ್ಲ, ಇದ್ದ ಹಾಗೇ ಇರಲಿ, ಮೂಲರೂಪ ಕೆಡಬಾರದು ಎಂದ. ನಾನು ಮೆಕ್ಯಾನಿಕಲ್ ಓದಿದವನು, ಜೊತೆಗೆ ಸ್ಪ್ಯಾನರ್ ಹಿಡಿಯಲು ಹಿಂಜರಿಯದವನು ಎಂಬ ಕಾರಣಕ್ಕೆ ನನ್ನ ಅಭಿಪ್ರಾಯವನ್ನೂ ಕೇಳಿದರು. ಅಭಿಪ್ರಾಯ ಕೊಡುವ ಮುನ್ನ ಕೆಲವು ದಿನ ಸುಮ್ಮನೆ ಯೋಚಿಸಿದೆ. ಈ ಬರಹ ಆ ದಿನಗಳದ್ದು.

ಮೊದಲು ಆ ಭಾರ ಎಂಥದ್ದೆಂದು ಹೇಳಬೇಕು. ಗಾಡಿ ಓಡುತ್ತಿರುವಾಗ ಅಷ್ಟೇನೂ ಕಷ್ಟವಿಲ್ಲ. ನಿಂತಲ್ಲೇ ತಿರುಗಿಸಬೇಕಾದಾಗ, ಅಂದರೆ ಪಾರ್ಕಿಂಗಿನಲ್ಲೋ ಇಕ್ಕಟ್ಟಿನ ಅಂಗಳದಲ್ಲೋ, ಮುಂದಿನ ಎರಡು ಟೈರುಗಳು ಉರುಳುವ ಬದಲು ನೆಲವನ್ನು ಉಜ್ಜುತ್ತವೆ. ಇಂಜಿನ್ನಿನ ತೂಕ ಬಹುಪಾಲು ಅವುಗಳ ಮೇಲೆಯೇ. ಈ ಭಾರವನ್ನು ಮನುಷ್ಯನ ತೋಳು ತಾಳುವಂತೆ ಮಾಡಲು ಇಂಜಿನಿಯರುಗಳಿಗಿದ್ದ ಉಪಾಯ ಆರ್ಕಿಮಿಡೀಸನಷ್ಟೇ ಹಳೆಯದು: ಸನ್ನೆಗೋಲು. ಸ್ಟೀರಿಂಗ್ ಚಕ್ರವನ್ನು ಹರಿವಾಣದಷ್ಟು ಅಗಲ ಮಾಡಿದರು. ಒಳಗಿನ ಗೇರನ್ನು ನಿಧಾನ ಮಾಡಿದರು. ಕೈ ಸುಮಾರು 24 ಡಿಗ್ರಿ ತಿರುಗಿದರೆ ಪೆಟ್ಟಿಗೆಯಿಂದ ಹೊರಬರುವ ದಂಡ ತಿರುಗುವುದು ಒಂದು ಡಿಗ್ರಿ. ಹಗುರ ಬೇಕೆಂದರೆ ಸುತ್ತು ಹೆಚ್ಚು. ಬಾವಿಯಿಂದ ನೀರು ಸೇದಿದ ಹಾಗೆ ಕೈಗೆ ಕೈ ಸೇರಿಸಿ ಎಳೆಯುತ್ತಲೇ ಇರಬೇಕು. ಅಷ್ಟು ಮಾಡಿದ ಮೇಲೂ ಭುಜ ನೋಯುತ್ತದೆ.

ಇನ್ನು ಮೂಲರೂಪದ ಮಾತು. 1968ರಲ್ಲಿ ಈ ಟ್ರಕ್ಕನ್ನು ಕೊಳ್ಳುವವರು ಹೆಚ್ಚು ಹಣ ಕೊಟ್ಟರೆ ಪವರ್ ಸ್ಟೀರಿಂಗ್ ಹಾಕಿಸಿಕೊಳ್ಳಬಹುದಿತ್ತು. ಮೊದಲು ಕೊಂಡ ರೈತ ಆ ಹಣ ಉಳಿಸಿದ, ಅಷ್ಟೆ. ನಾವು ಮೂಲರೂಪವೆಂದು ಪೂಜಿಸುವುದು ಎಷ್ಟೋ ಸಲ ಮೊದಲ ಒಡೆಯನ ಜೇಬಿನ ರೂಪವನ್ನು. ಸ್ಟೀರಿಂಗಿಗೆ ಯಂತ್ರದ ನೆರವು ಕೊಡುವ ಕಲ್ಪನೆಯೇನೂ ಟ್ರಕ್ಕಿಗಿಂತ ಹೊಸದಲ್ಲ. ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರು 1926ರ ಹೊತ್ತಿಗೇ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗನ್ನು ಮಾಡಿ ತೋರಿಸಿದ್ದ. ಜನರಲ್ ಮೋಟಾರ್ಸ್ ಆಸಕ್ತಿ ತೋರಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಖರ್ಚು ದುಬಾರಿಯೆಂದು ಕೈಬಿಟ್ಟಿತು. ಎರಡನೇ ಮಹಾಯುದ್ಧದಲ್ಲಿ ಅದು ಸೈನ್ಯದ ಭಾರಿ ವಾಹನಗಳಿಗೆ ಬಂತು. ಜನಸಾಮಾನ್ಯರು ಕೊಳ್ಳಬಹುದಾದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಅಷ್ಟರಲ್ಲಿ ಡೇವಿಸನ ಮೊದಲ ಪೇಟೆಂಟುಗಳ ಅವಧಿ ಮುಗಿದಿತ್ತು. ಇಂಪೀರಿಯಲ್ ಕೊಳ್ಳುವವರು ಎಂಥ ಜನಸಾಮಾನ್ಯರು ಎಂದು ಕೇಳಬೇಡಿ.

ಇಲ್ಲಿ ನಾಗಸೇನ ನೆನಪಾಗುತ್ತಾನೆ. ಮಿಲಿಂದ ದೊರೆಯ ಮುಂದೆ ಆ ಭಿಕ್ಷು ರಥವನ್ನು ಮಾತಿನಲ್ಲೇ ಬಿಚ್ಚುತ್ತಾ ಹೋಗುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ. ಹಾಗಾದರೆ ರಥ ಎಲ್ಲಿ? ಪಕ್ಕದ ಮನೆಯ ಟ್ರಕ್ಕಿನಲ್ಲೂ ಅಷ್ಟೇ, ಬ್ಯಾಟರಿ, ಬೆಲ್ಟು, ಬ್ರೇಕು, ಸೀಟಿನ ಬಟ್ಟೆ ಎಲ್ಲ ಬದಲಾಗಿವೆ. ಹಳೆಯ ಟೈರು ಹೋಗಿ ರೇಡಿಯಲ್ ಟೈರು ಬಂದಾಗ ಸ್ಟೀರಿಂಗಿನ ಹದವೇ ಬದಲಾಗಿರಬೇಕು. ಆಗ ಮಗ ತುಟಿ ಬಿಚ್ಚಿರಲಿಲ್ಲ. ಸ್ಟೀರಿಂಗ್ ಪೆಟ್ಟಿಗೆಯ ಮಾತು ಬಂದೊಡನೆ ಮಾತ್ರ ಎದ್ದು ನಿಂತ. ಹಾಗಾಗಿ ಇದು ಭಾಗಗಳ ಲೆಕ್ಕವಲ್ಲ ಎಂದು ನನಗನ್ನಿಸಿತು. ಇಡೀ ಗಾಡಿಯಲ್ಲಿ ಮನುಷ್ಯನ ಕೈಗೂ ನೆಲಕ್ಕೂ ನೇರ ಮಾತುಕತೆ ನಡೆಯುವ ಜಾಗ ಅದೊಂದೇ. ಅಲ್ಲಿ ಮೂರನೆಯವರನ್ನು ಕೂರಿಸುವುದು ಅವನಿಗೆ ಸಹಿಸಲಿಲ್ಲ.

ಆ ಮಾತುಕತೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಕುರುಡನ ಕೋಲು ಅವನಿಗೆ ಒಂದು ವಸ್ತುವಾಗಿ ಉಳಿಯುವುದಿಲ್ಲ, ಅವನ ಸ್ಪರ್ಶ ಕೋಲಿನ ತುದಿಯವರೆಗೆ ಚಾಚಿಕೊಂಡಿರುತ್ತದೆ ಎಂದು ಫ್ರೆಂಚ್ ತತ್ವಜ್ಞಾನಿ ಮೆರ್ಲೋ-ಪಾಂಟಿ ವಿವರಿಸುತ್ತಾನೆ. ಮ್ಯಾನ್ಯುವಲ್ ಸ್ಟೀರಿಂಗ್ ಅಂಥ ಕೋಲು. ಜಲ್ಲಿ, ಡಾಂಬರು, ರೈಲು ಹಳಿ, ಎಲ್ಲ ಅಂಗೈಗೆ ಗೊತ್ತಾಗುತ್ತವೆ. ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಚಕ್ರ ಒಮ್ಮೆಲೇ ಹಗುರವಾಗುತ್ತದೆ. ಕಣ್ಣಿಗಿಂತ ಮೊದಲು ಕೈಗೆ ಅಪಾಯ ತಿಳಿಯುತ್ತದೆ. ಅರವತ್ತರ ದಶಕದ ದೊಡ್ಡ ಅಮೆರಿಕನ್ ಕಾರುಗಳಲ್ಲಿ ಪವರ್ ಸ್ಟೀರಿಂಗ್ ಎಷ್ಟು ಅತಿಯಾಗಿತ್ತೆಂದರೆ ಒಂದು ಬೆರಳಲ್ಲಿ ತಿರುಗಿಸಬಹುದಿತ್ತು, ಆದರೆ ಕೆಳಗೆ ರಸ್ತೆ ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಮಗನ ಭಯಕ್ಕೆ ಆಧಾರವಿಲ್ಲದೆ ಇಲ್ಲ.

ಆದರೆ ಭಾರದಲ್ಲೇ ಸತ್ಯವಿದೆ ಎಂಬ ಮಾತು ಬಂದಾಗ ನನಗೆ ನಮ್ಮ ಸೋದರಮಾವ ಕಾಣಿಸುತ್ತಾರೆ. ಚಾರ್ಮಾಡಿ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದವರು ಅವರು. ಕೊಡಿಗೆಹಣ್ಣಿನಂತೆ ಬಾಗಿದ ಒಂದೊಂದು ತಿರುವಿನಲ್ಲೂ ಸೀಟಿನಿಂದ ಅರ್ಧ ಎದ್ದು, ಇಡೀ ಮೈಯನ್ನು ಚಕ್ರದ ಮೇಲೆ ಹಾಕಿ ಎಳೆಯಬೇಕಿತ್ತು. ಐವತ್ತಾಗುವಷ್ಟರಲ್ಲಿ ಅಂಗಿ ತೊಡಲು ಕೈ ಎತ್ತುವುದೇ ಕಷ್ಟವಾಯಿತು. ಸ್ಟೀರಿಂಗಿನ ಭಾರದಲ್ಲಿ ಸಾಚಾತನವಿದೆಯೆಂದು ಯಾರಾದರೂ ಹೇಳಿದ್ದರೆ ನಕ್ಕು ಬೀಡಿ ಹಚ್ಚುತ್ತಿದ್ದರು. ರುಬ್ಬುಗುಂಡಿನ ಚಟ್ನಿಯ ರುಚಿಯೇ ಬೇರೆ ಎನ್ನುವವರ ಪೈಕಿ ರುಬ್ಬಿದವರು ಎಷ್ಟು ಮಂದಿ? ರುಚಿ ಬೇರೆ ಇರುವುದು ನಿಜ. ಆ ರುಚಿಯ ಬೆಲೆಯನ್ನು ಬೇರೆ ಯಾರೋ ತೋಳಿನಿಂದ ತೆತ್ತರು ಎಂಬುದೂ ನಿಜ. ಕಷ್ಟವನ್ನು ಹೊಗಳುವವರನ್ನು ನಾನು ಕೇಳುವುದು ಒಂದೇ: ಅದು ನೀವು ಬೇಕೆಂದು ಆರಿಸಿಕೊಂಡದ್ದೇ, ನಿಮ್ಮ ಮೇಲೆ ಬಿದ್ದದ್ದೇ, ಅಥವಾ ಇನ್ನೊಬ್ಬರ ಮೇಲೆ ಬಿದ್ದು ನಿಮಗೆ ದೂರದಿಂದ ಚಂದ ಕಂಡದ್ದೇ?

ಹಳೆಯ ಕಟ್ಟಡಗಳನ್ನು ಉಳಿಸುವವರು ಈ ಜಗಳವನ್ನು ನಮಗಿಂತ ಮೊದಲೇ ಆಡಿದ್ದಾರೆ. ಜೀರ್ಣೋದ್ಧಾರವೆಂಬುದೇ ಸುಳ್ಳು ಎಂದು ರಸ್ಕಿನ್ 1849ರಲ್ಲೇ ಗುಡುಗಿದ್ದ. 1964ರ ವೆನಿಸ್ ಸನ್ನದು ಇಷ್ಟು ಬಿಗಿಯಲ್ಲ. ಸೇರಿಸಿದ್ದು ಹಳೆಯದರ ಜೊತೆ ಹೊಂದಬೇಕು, ಆದರೆ ಹಳೆಯದೆಂದು ನಟಿಸಬಾರದು ಎನ್ನುತ್ತದೆ. ಮತ್ತೆ ಬಿಚ್ಚಿ ತೆಗೆಯಬಹುದಾದ ಹಾಗೆ ಸೇರಿಸು ಎನ್ನುವ ರೂಢಿಯೂ ಆ ಕ್ಷೇತ್ರದಲ್ಲಿದೆ. ಗ್ಯಾರೇಜಿಗೆ ಇವೆರಡೂ ಒಳ್ಳೆಯ ನಿಯಮಗಳೇ. ಚಾಸಿಗೆ ಹೊಸ ರಂಧ್ರ ಕೊರೆಯಬಾರದು ಎಂದು ನಾನು ಹಟ ಹಿಡಿದದ್ದು ಅದಕ್ಕೆ.

ನನ್ನ ಮನಸ್ಸನ್ನು ಗಟ್ಟಿ ಮಾಡಿದ್ದು ಮಾತ್ರ ಪವರ್ ಸ್ಟೀರಿಂಗ್ ಪೆಟ್ಟಿಗೆಯೊಳಗಿನ ಒಂದು ಸಣ್ಣ ಸರಳು. ಟಾರ್ಷನ್ ಬಾರ್ ಎನ್ನುತ್ತಾರೆ, ತಿರುಚಿಕೊಳ್ಳುವ ಸರಳು. ನೀವು ಚಕ್ರ ತಿರುಗಿಸಿದಾಗ ಕೆಳಗಿನ ಭಾರ ಅದನ್ನು ತಡೆಯುತ್ತದೆ. ನಡುವೆ ಸಿಕ್ಕ ಸರಳು ಕೂದಲೆಳೆಯಷ್ಟು ತಿರುಚುತ್ತದೆ. ಆ ತಿರುಚಿನಿಂದ ಕವಾಟ ತೆರೆದು, ಪಂಪು ಒತ್ತುತ್ತಿರುವ ಎಣ್ಣೆ ಬೇಕಾದ ಬದಿಗೆ ನುಗ್ಗುತ್ತದೆ. ಕೈ ಹೆಚ್ಚು ಒತ್ತಿದರೆ ನೆರವು ಹೆಚ್ಚು. ಕೈ ಬಿಟ್ಟರೆ ಸರಳು ನೆಟ್ಟಗಾಗಿ ನೆರವು ನಿಲ್ಲುತ್ತದೆ. ಅಂದರೆ ಈ ಯಂತ್ರ ತಾನಾಗಿ ಎತ್ತಲೂ ತಿರುಗುವುದಿಲ್ಲ. ನಿಮ್ಮ ಪ್ರಯತ್ನ ಒಂದಿಷ್ಟಾದರೂ ಇದ್ದರೆ ಮಾತ್ರ ಅದಕ್ಕೆ ದಿಕ್ಕು ತಿಳಿಯುವುದು. ಇಂಜಿನ್ ನಿಂತುಹೋದರೆ ನೆರವೂ ಹೋಗುತ್ತದೆ, ಆದರೆ ಚಕ್ರಗಳ ಜೊತೆಗಿನ ಕೊಂಡಿ ಕಳಚುವುದಿಲ್ಲ. ಭಾರವಾಗಿಯಾದರೂ ತಿರುಗಿಸಿಕೊಂಡು ರಸ್ತೆಯ ಬದಿಗೆ ಬರಬಹುದು. ಸರಳು ದಪ್ಪವಿದ್ದಷ್ಟೂ ನೆರವು ಕಡಿಮೆ, ರಸ್ತೆಯ ಸುದ್ದಿ ಹೆಚ್ಚು. ನೆರವಿಗೂ ಹದವಿದೆ, ಅದನ್ನು ನಾವೇ ಆರಿಸಬಹುದು.

ವಯಸ್ಸಾದವರು ಕುರ್ಚಿಯಿಂದ ಏಳುವಾಗ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸುವವರಿದ್ದಾರೆ. ಮೊಣಕೈ ಕೆಳಗೆ ಅಂಗೈ ಇಟ್ಟು ಕಾಯುವವರೂ ಇದ್ದಾರೆ. ಎತ್ತಿಸಿಕೊಂಡವರಿಗೆ ತಾವು ಎದ್ದೆವೆಂದು ಅನ್ನಿಸುವುದಿಲ್ಲ. ದಪ್ಪ ಸರಳಿನ ಪೆಟ್ಟಿಗೆಯನ್ನೇ ಹಾಕೋಣ ಎಂದು ಹೇಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ಈ ಎರಡು ಬಗೆಯ ಕೈಗಳು.

ಕೆಲಸ ಎರಡು ವಾರಾಂತ್ಯ ಹಿಡಿಯಿತು. ಪೆಟ್ಟಿಗೆ ನಮ್ಮ ರಾಜ್ಯದ್ದೇ ಆದ ಸ್ಯಾಗಿನಾ ಊರಿನ ಹೆಸರಿನದು, ಹಳೆಯದನ್ನು ರಿಪೇರಿ ಮಾಡಿ ಮಾರುವವರಿಂದ ತಂದದ್ದು. ಪಂಪು, ಅದಕ್ಕೊಂದು ಬ್ರಾಕೆಟ್ಟು, ಇನ್ನೊಂದು ಬೆಲ್ಟು ಕೂರಲು ಪುಲ್ಲಿ, ಎರಡು ಹೋಸು, ಬೇರೆ ಪಿಟ್‌ಮನ್ ಆರ್ಮು. ಕೊನೆಗೆ ಮುಂಗಾಲಿಗಳನ್ನು ಜಾಕಿನ ಮೇಲೆತ್ತಿ, ಇಂಜಿನ್ ಹಚ್ಚದೆ, ಚಕ್ರವನ್ನು ಆ ತುದಿಯಿಂದ ಈ ತುದಿಗೆ ಮತ್ತೆ ಮತ್ತೆ ತಿರುಗಿಸುತ್ತಾ ಎಣ್ಣೆಯೊಳಗಿನ ಗಾಳಿಗುಳ್ಳೆ ಹೊರಡಿಸಬೇಕು. ಅದನ್ನು ಅವರೇ ಕೂತು ಮಾಡಿದರು.

ನಾವು ಯಾರೂ ಲೆಕ್ಕಕ್ಕೆ ಹಿಡಿಯದ ಒಬ್ಬರಿದ್ದರು, ಅವರ ಹೆಂಡತಿ. ನಲವತ್ತು ವರ್ಷ ಆ ಟ್ರಕ್ಕಿನ ಪಕ್ಕದ ಸೀಟಿನಲ್ಲಿ ಕೂತವರು. ಒಮ್ಮೆಯೂ ಓಡಿಸಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಚಕ್ರವೇ ಬೇಡವೆಂದಿತ್ತು. ಈಗ ಗಿಡ, ಗೊಬ್ಬರ ತರಲು ನರ್ಸರಿಗೆ ಅವರೇ ಒಯ್ಯುತ್ತಾರೆ. ಮೂಲರೂಪದ ಬಗ್ಗೆ ನಾವು ಅಷ್ಟು ದಿನ ಮಾತಾಡಿದೆವಲ್ಲ, ಆ ರೂಪ ಯಾರನ್ನು ಹೊರಗಿಟ್ಟಿತ್ತು ಎಂದು ಒಬ್ಬರೂ ಕೇಳಿರಲಿಲ್ಲ.

ಮಗ ಇನ್ನೂ ಒಪ್ಪಿಲ್ಲ. ಅವನ ನಿಜವಾದ ಕಾರಣ ಆಮೇಲೆ ಗೊತ್ತಾಯಿತು. ಎಂಟು ವರ್ಷದವನಿದ್ದಾಗ ತಂದೆಯ ತೊಡೆಯ ಮೇಲೆ ಕೂತು, ಹೊಲದ ಅಂಚಿನಲ್ಲಿ ಆ ಚಕ್ರ ಹಿಡಿದಿದ್ದನಂತೆ. ಎಷ್ಟು ಎಳೆದರೂ ಅಲುಗದಿದ್ದಾಗ ಹಿಂದಿನಿಂದ ಎರಡು ತೋಳುಗಳು ಬಂದು ತಿರುಗಿಸಿದವಂತೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ; ರಸ್ಕಿನ್ನನ ವಾದಕ್ಕಿಂತ ಇದು ಗಟ್ಟಿಯಾದದ್ದು. ಹಳೆಯ ಪೆಟ್ಟಿಗೆಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಅದರ ಬೋಲ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಯಾವುದು ಎಲ್ಲಿಯದೆಂದು ಚೀಟಿ ಬರೆದು ಗ್ಯಾರೇಜಿನ ಅಟ್ಟದ ಮೇಲಿಟ್ಟಿದ್ದೇವೆ. ಕಳೆದ ಸಲ ಬಂದಾಗ ಅವನು ಏಣಿ ಹಾಕಿ ಹತ್ತಿ ನೋಡಿದ. ಇಳಿದು ಬಂದು, ಟ್ರಕ್ಕಿನ ಕೀಲಿ ಎಲ್ಲಿ ಎಂದು ತಾಯಿಯನ್ನು ಕೇಳಿದ.